ಅಜ್ಜನ ಕೋವಿಗೆ ಸ್ಕೋಪು ಕೂರಿಸಲು ಹೋಗಿ

ಮೊದಲೇ ಹೇಳಿಬಿಡ್ತೀನಿ, ನಾನು ಬಂದೂಕು ತಜ್ಞ ಅಲ್ಲ. ಹೈಟೆಕ್ ಸಿಟಿಯಲ್ಲಿ ಕೋಡ್ ಬರೆಯೋ ಕೆಲಸ, ದಿಲ್‌ಸುಖ್‌ನಗರದಲ್ಲಿ ಮನೆ. ದಿನಾ ಬೆಳಿಗ್ಗೆ ಮೆಟ್ರೋ ಹತ್ತಿ, ಅಮೀರ್‌ಪೇಟೆಯಲ್ಲಿ ಇಳಿದು, ಇನ್ನೊಂದು ಲೈನಿನ ರೈಲು ಹಿಡಿದು ರಾಯದುರ್ಗಕ್ಕೆ ಹೋಗೋ ಸಾವಿರಾರು ಜನರಲ್ಲಿ ಒಬ್ಬ. ಹೋದ ತಿಂಗಳು ನಮ್ಮ ಗುಂಪಿನಲ್ಲಿ ಊಟದ ಹೊತ್ತಿಗೆ ಅಪ್ಪನ ಕೋವಿಯ ವಿಷಯ ಬಂತು. ಆಮೇಲೆ ನೋಡಿದರೆ ಮೇಜಿನ ಸುತ್ತ ಕೂತ ಒಂಬತ್ತು ಜನರಲ್ಲಿ ನಾಲ್ವರ ಮನೆಯಲ್ಲಿ ಊರಲ್ಲಿ ಲೈಸೆನ್ಸ್ ಇರೋ ಕೋವಿ ಇದೆ. ಇಬ್ಬರು ಕೊಡಗಿನವರು, ಒಬ್ಬರು ತೀರ್ಥಹಳ್ಳಿ ಕಡೆಯವರು, ನಾನು ಬೀರೂರು ಹತ್ತಿರದವನು. "ಇದನ್ನೇ ಮಾತಾಡು" ಅಂದರು. ಅದಕ್ಕೇ ಇವತ್ತು ಇಲ್ಲಿ ನಿಂತಿದ್ದೀನಿ.

ವಿಷಯ ಇಷ್ಟು: ಹಳೇ ಲಿವರ್ ಆಕ್ಷನ್ ರೈಫಲ್ಲಿಗೆ ಸ್ಕೋಪು, ಅಂದರೆ ದುರ್ಬೀನು ಕೂರಿಸಬಹುದಾ? ಕೂರಿಸಬೇಕಾ?

ಲಿವರ್ ಆಕ್ಷನ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ: ಕೌಬಾಯ್ ಸಿನಿಮಾದಲ್ಲಿ ಟ್ರಿಗರ್ ಸುತ್ತ ಇರೋ ಕಬ್ಬಿಣದ ಬಳೆಯನ್ನು ಕೆಳಕ್ಕೆ ಜಗ್ಗಿ ಮೇಲಕ್ಕೆ ಎಳೀತಾರಲ್ಲ, ಚಟ್-ಚಟ್ ಅಂತ, ಅದು. ಜಗ್ಗಿದಾಗ ಖಾಲಿ ತೋಟೆ ಹೊರಗೆ ಹಾರುತ್ತೆ, ಎಳೆದಾಗ ಹೊಸದು ನಳಿಗೆಗೆ ಹೋಗುತ್ತೆ. "ಅದು ಅಮೆರಿಕದ್ದು, ನಮಗೇನು ಸಂಬಂಧ" ಅನ್ನಬೇಡಿ. ಕನ್ನಡ ಓದೋ ಮಕ್ಕಳು ಎಷ್ಟೋ ವರ್ಷಗಳಿಂದ ಗೊತ್ತಿಲ್ಲದೇ ಒಂದು ಲಿವರ್ ಆಕ್ಷನ್ ರೈಫಲ್ಲಿನ ಕತೆ ಓದ್ತಾ ಬಂದಿದ್ದಾರೆ. ಕೆನೆತ್ ಆಂಡರ್ಸನ್. ಪೂರ್ಣಚಂದ್ರ ತೇಜಸ್ವಿಯವರ 'ಕಾಡಿನ ಕತೆಗಳು' ಓದಿದವರಿಗೆ ಬೆಳ್ಳಂದೂರಿನ ನರಭಕ್ಷಕ, ಪೆದ್ದಚೆರುವಿನ ರಾಕ್ಷಸ ಎಲ್ಲಾ ನೆನಪಿರುತ್ತೆ. ಆ ಆಂಡರ್ಸನ್ ಕೈಯಲ್ಲಿ ಇದ್ದದ್ದು ವಿಂಚೆಸ್ಟರ್ ಕಂಪನಿಯ 1895ನೇ ಮಾಡೆಲ್, .405 ತೋಟೆಯದ್ದು. ಆ ಮನುಷ್ಯ ಬೆಂಗಳೂರಿನಲ್ಲಿ ಬೆಳೆದು, ವಿಮಾನ ಕಾರ್ಖಾನೆಯಲ್ಲಿ ಕೆಲಸ ಮಾಡಿ, 1974ರಲ್ಲಿ ತೀರಿಕೊಂಡರು. ಆದರೆ ಹುಟ್ಟಿದ್ದು ಎಲ್ಲಿ ಗೊತ್ತಾ? ಇಲ್ಲೇ, ಸಿಕಂದರಾಬಾದಿನ ಬೊಲಾರಮ್‌ನಲ್ಲಿ, 1910ರಲ್ಲಿ. ನಾವು ಬೆಂಗಳೂರಿಂದ ಹೈದರಾಬಾದಿಗೆ ಬಂದ್ವಿ, ಅವರು ಹೈದರಾಬಾದಿಂದ ಬೆಂಗಳೂರಿಗೆ ಹೋದರು. (ನಗು)

ನಮ್ಮ ಮನೆಯಲ್ಲಿ ಇರೋದೂ ಅದೇ ಮಾಡೆಲ್. ಅಜ್ಜ, ಬಾಬಾಬುಡನ್‌ಗಿರಿ ಕಡೆಯ ಒಬ್ಬ ಕಾಫಿ ತೋಟದ ದೊರೆ ಊರು ಬಿಟ್ಟು ಹೋಗುವಾಗ ಕೊಂಡಿದ್ದಂತೆ. ಎಷ್ಟಕ್ಕೆ ಅನ್ನೋದು ಪ್ರತಿಸಲ ಕತೆ ಹೇಳುವಾಗಲೂ ಬದಲಾಗುತ್ತೆ. ಆಂಡರ್ಸನ್ ಬರೆದ ಎಮ್ಮೆದೊಡ್ಡಿ ನಮ್ಮೂರಿಗೆ ದೂರವೇನಲ್ಲ, ಹಾಗಾಗಿ ಚಿಕ್ಕವನಿದ್ದಾಗ ನಾನು ಆ ಕೋವಿಯನ್ನು ಆಂಡರ್ಸನ್ನರದೇ ಅಂತ ಸ್ಕೂಲಲ್ಲಿ ಹೇಳಿಕೊಂಡು ತಿರುಗಿದ್ದೂ ಉಂಟು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿ ಮುಗೀತು. ಅಜ್ಜನ ನಂತರ ಅಪ್ಪನ ಹೆಸರಿಗೆ ಲೈಸೆನ್ಸ್ ಆಯ್ತು. ಆಮೇಲೆ ಅದರ ಕೆಲಸ ಎರಡೇ: ಆಯುಧಪೂಜೆಗೆ ಕುಂಕುಮ ಹಚ್ಚಿಸಿಕೊಳ್ಳೋದು, ಎಲೆಕ್ಷನ್ ಬಂದಾಗ ಪೊಲೀಸ್ ಸ್ಟೇಷನ್ನಿಗೆ ಹೋಗಿ ಕೂತು ಬರೋದು.

ಹೋದ ವರ್ಷ ಸಂಕ್ರಾಂತಿ ಆದ ಮೇಲೆ ಅಪ್ಪ ಫೋನ್ ಮಾಡಿದ್ರು. ಅವರು ಸುಮ್ಮಸುಮ್ಮನೆ ಫೋನ್ ಮಾಡೋರಲ್ಲ. "ಲೋ, ಕೋವಿ ಮಣಿ ಕಾಣ್ತಿಲ್ಲ ಕಣೋ. ನೀವೆಲ್ಲಾ ಆನ್‌ಲೈನಲ್ಲಿ ತರಿಸ್ತೀರಲ್ಲ, ಒಂದು ದುರ್ಬೀನು ತರಿಸಿಕೊಡು. ಲೈಸೆನ್ಸ್ ನಿನ್ನ ಹೆಸರಿಗೆ ಮಾಡೋಕೆ ಮೊದಲು ಒಂದ್ಸಲ ಸರಿಯಾಗಿ ಹೊಡೆದು ನೋಡಬೇಕು" ಅಂದರು. ಪೊಲೀಸ್ ಫೈರಿಂಗ್ ರೇಂಜಿನಲ್ಲಿ ಅನುಮತಿ ತಗೊಂಡು, ಹಲಗೆಗೆ, ಒಂದೇ ಒಂದು ಸಲ. ಅವರಿಗೆ 68. ನಾನು ಆ ಮಾತಿನಲ್ಲಿ ಕೇಳಿಸಿಕೊಂಡಿದ್ದು 'ದುರ್ಬೀನು' ಅನ್ನೋ ಒಂದೇ ಪದ. ಇಂಜಿನಿಯರ್ ಕಿವಿ.

ಮೊದಲ ತೊಡಕು, ಕೋವಿಯನ್ನು ಹೈದರಾಬಾದಿಗೆ ತರೋ ಹಾಗಿಲ್ಲ. ಅಪ್ಪನ ಲೈಸೆನ್ಸ್ ಕರ್ನಾಟಕಕ್ಕೆ ಮಾತ್ರ. ಗಡಿ ದಾಟಿಸಿದರೆ ಅಪರಾಧ. ಹಾಗಾಗಿ ನನ್ನ ಇಡೀ ಸಂಶೋಧನೆ ನಡೆದಿದ್ದು ವಾಟ್ಸಾಪ್ ವಿಡಿಯೋದಲ್ಲಿ. ಆ ಕಡೆ ಅಪ್ಪ, ಕೈಯಲ್ಲಿ ಬಡಗಿ ಸ್ಕೇಲು. ಈ ಕಡೆ ನಾನು, ಕೆಳಗೆ ದಿಲ್‌ಸುಖ್‌ನಗರದ ಬಸ್ಸುಗಳ ಹಾರನ್ನು. ಪ್ರತಿಸಲ ಮೊದಲ ಕೆಲಸ, ಲಿವರ್ ಇಳಿಸಿ ನಳಿಗೆ ಖಾಲಿ ಇದೆಯಾ ಅಂತ ಇಬ್ಬರೂ ನೋಡೋದು. ಇದನ್ನು ನಾನು ಹೇಳಿಕೊಟ್ಟಿದ್ದಲ್ಲ, ಅವರೇ ನನಗೆ ಹೇಳಿಕೊಟ್ಟಿದ್ದು, ಎಂಟು ವರ್ಷದವನಿದ್ದಾಗ.

ಈಗ ಯಂತ್ರದ ವಿಷಯಕ್ಕೆ ಬರೋಣ. 1895 ವಿನ್ಯಾಸ ಮಾಡಿದ್ದು ಜಾನ್ ಬ್ರೌನಿಂಗ್. ಅದಕ್ಕೂ ಮೊದಲಿನ ಲಿವರ್ ರೈಫಲ್ಲುಗಳಲ್ಲಿ ತೋಟೆಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೆ ಒಂದು ಸಾಲಾಗಿ ಕೂರುತ್ತಿದ್ದವು. ಅದರಲ್ಲಿ ಚೂಪು ಮೂತಿಯ ಗುಂಡು ಹಾಕಿದರೆ ಅದರ ತುದಿ ಮುಂದಿನ ತೋಟೆಯ ಕುಂಡೆಗೆ, ಸರಿಯಾಗಿ ಕಿಡಿ ಹೊತ್ತೋ ಜಾಗಕ್ಕೆ ತಾಗಿಕೊಂಡಿರುತ್ತೆ. ಕೋವಿ ಜೋರಾಗಿ ಒದ್ದರೆ ಕೊಳವೆ ಒಳಗೇ ಸಿಡಿಯೋ ಭಯ. ಬ್ರೌನಿಂಗ್ ಆ ಕೊಳವೆಯನ್ನು ತೆಗೆದು, ಟ್ರಿಗರ್ ಮುಂದೆ ಒಂದು ಡಬ್ಬಿ ಇಟ್ಟ. ತೋಟೆಗಳು ಒಂದರ ಮೇಲೊಂದು ಕೂರುತ್ತವೆ. ಹಾಗಾಗಿ ಈ ರೈಫಲ್ಲಿಗೆ ದೊಡ್ಡ, ಶಕ್ತಿಯುತ ತೋಟೆ ಹಾಕಬಹುದಾಯ್ತು. .405 ಬಂದಿದ್ದು 1904ರಲ್ಲಿ. 300 ಗ್ರೇನ್ ಗುಂಡು, ಅಂದರೆ 19 ಗ್ರಾಂಗಿಂತ ಸ್ವಲ್ಪ ಜಾಸ್ತಿ, ಸೆಕೆಂಡಿಗೆ ಸುಮಾರು 670 ಮೀಟರ್ ವೇಗ. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಹೋದಾಗ ಸಿಂಹಕ್ಕೆ ಅಂತ ಒಯ್ದಿದ್ದು ಇದನ್ನೇ.

ಆದರೆ ಆ ಡಬ್ಬಿ ಕಳಚಿ ಬರೋದಲ್ಲ. ತೋಟೆಯನ್ನು ಮೇಲಿನಿಂದಲೇ, ಬೆರಳಲ್ಲಿ ಒಂದೊಂದಾಗಿ ಒತ್ತಿ ತುಂಬಬೇಕು. ಖಾಲಿಯಾದ ತೋಟೆ ಹಾರೋದೂ ಮೇಲಕ್ಕೇ. ಅಂದರೆ ರೈಫಲ್ಲಿನ ತಲೆ ಅನ್ನೋದೇ ಅದರ ಬಾಗಿಲು. ಸ್ಕೋಪು ಕೂರಬೇಕಾಗಿರೋದು ಎಲ್ಲಿ? ಸರಿಯಾಗಿ ಆ ಬಾಗಿಲ ಮೇಲೆ.

ನಾನು ಇದನ್ನು ಕಾಗದದ ಮೇಲೆ ಅರ್ಥ ಮಾಡಿಕೊಂಡೆ, ಆದರೆ ಅಪ್ಪ ಒಪ್ಪಲಿಲ್ಲ. "ಸ್ವಲ್ಪ ಎತ್ತರಕ್ಕೆ ಕೂರಿಸಿದರೆ ಆಯ್ತಪ್ಪ" ಅಂದರು. ಸರಿ, ಅಡುಗೆಮನೆಯಿಂದ ಫಾಯಿಲ್ ಸುತ್ತಿ ಬರೋ ರಟ್ಟಿನ ಕೊಳವೆ ತರೋಕೆ ಹೇಳಿದೆ. ಒಂದಿಂಚಿನ ಸ್ಕೋಪಿನ ಕೊಳವೆಗೆ ಅದು ಹೆಚ್ಚುಕಡಿಮೆ ಸರಿಹೊಂದುತ್ತೆ. ಎರಡು ಬೆಂಕಿಪೊಟ್ಟಣ ಕೆಳಗಿಟ್ಟು, ದಾರ ಸುತ್ತಿ ಕಟ್ಟಿದ್ರು. ಲಿವರ್ ಇಳಿಸಿದ್ರು. ಈಗ ತೋಟೆ ತುಂಬೋ ಹಾಗೆ ಬೆರಳು ಹಾಕಿ ನೋಡಿ ಅಂದೆ. ಹೆಬ್ಬೆರಳು ಹೋಗಲಿಲ್ಲ. ಇನ್ನೂ ಎರಡು ಬೆಂಕಿಪೊಟ್ಟಣ ಇಟ್ಟು ಎತ್ತರ ಮಾಡಿದ್ರು. ಬೆರಳು ಹೋಯ್ತು, ಆದರೆ ಈಗ ಕೆನ್ನೆ ಮರಕ್ಕೆ ತಾಗಲಿಲ್ಲ. ಕತ್ತು ಎತ್ತಿ ಕೊಕ್ಕರೆ ಹಾಗೆ ನೋಡಬೇಕು. ಅಮ್ಮ ಹಿಂದೆ ನಿಂತು ನಗ್ತಿದ್ದು ವಿಡಿಯೋದಲ್ಲಿ ಕೇಳಿಸ್ತಿತ್ತು.

ಈ ಕೆನ್ನೆಯ ವಿಷಯ ಬಹಳ ಜನ ಮರೀತಾರೆ. ಹಳೇ ರೈಫಲ್ಲಿನ ಮರದ ಹಿಂಭಾಗವನ್ನು ಕೆತ್ತಿರೋದು ನಳಿಗೆಗೆ ಅಂಟಿಕೊಂಡಂತಿರೋ ಕಬ್ಬಿಣದ ಮಣಿ ಮತ್ತು ಸೀಳಿಗೆ ಕಣ್ಣು ಹೊಂದೋ ಹಾಗೆ. ಕೆನ್ನೆ ಮರಕ್ಕೆ ಒತ್ತಿ ಕೂತರೆ ಪ್ರತಿಸಲ ಕಣ್ಣು ಅದೇ ಜಾಗಕ್ಕೆ ಬರುತ್ತೆ. ಕಣ್ಣು ಎರಡು ಸೆಂಟಿಮೀಟರ್ ಮೇಲೆ ಹೋದರೆ ಮರಕ್ಕೆ ತೊಗಲಿನ ದಿಂಬು ಕಟ್ಟಬೇಕು. ಇನ್ನೊಂದು, ಸಾಮಾನ್ಯ ಸ್ಕೋಪಿಗೂ ಕಣ್ಣಿಗೂ ಮಧ್ಯ ಮೂರು, ಮೂರೂವರೆ ಇಂಚು ಅಂತರ ಇರುತ್ತೆ. .405 ಒದೆಯೋ ರೀತಿಗೆ ಆ ಅಂತರ ಸಾಲದು. ಸ್ಕೋಪಿನ ಅಂಚು ಹುಬ್ಬಿನ ಮೇಲೆ ಅರ್ಧಚಂದ್ರ ಮೂಡಿಸಿಬಿಡುತ್ತೆ.

ಎಲ್ಲಾ ಲಿವರ್ ರೈಫಲ್ಲುಗಳ ಕತೆಯೂ ಇದೇ ಅಲ್ಲ. ಸಾವೇಜ್ 99, 1948ರಲ್ಲಿ ಬಂದ ಮಾರ್ಲಿನ್ 336, ಇವು ಖಾಲಿ ತೋಟೆಯನ್ನು ಪಕ್ಕಕ್ಕೆ ಎಸೀತವೆ, ತಲೆ ಗಟ್ಟಿ ಮುಚ್ಚಿಕೊಂಡಿರುತ್ತೆ. ಅವುಗಳ ಮೇಲೆ ಸ್ಕೋಪು ಆರಾಮವಾಗಿ ಕೂರುತ್ತೆ. ವಿಂಚೆಸ್ಟರ್ 94 ಮಾತ್ರ ಹಟ ಹಿಡಿದು ಮೇಲಕ್ಕೇ ಎಸೀತಾ ಇತ್ತು. ಜನ ಸ್ಕೋಪು ಕೇಳಿ ಕೇಳಿ, 1980ರ ದಶಕದ ಆರಂಭದಲ್ಲಿ ಕಂಪನಿ ಸೋತು, ಓರೆಯಾಗಿ ಎಸೆಯೋ ಹಾಗೆ ಬದಲಾಯಿಸಿತು. ಹಾಗಾಗಿ ನಿಮ್ಮ ಮನೆಯಲ್ಲಿ ಲಿವರ್ ರೈಫಲ್ ಇದ್ದರೆ, ಮೊದಲು ಅದು ಎಲ್ಲಿಗೆ ಎಸೆಯುತ್ತೆ ನೋಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತೆ. ಕೊಡಗಿನವರ ಮನೆಗಳಲ್ಲಿ ಇರೋದು ಬಹುಪಾಲು ಒಂಟಿ ನಳಿಗೆ, ಜೋಡಿ ನಳಿಗೆ ಕೋವಿಗಳು. ಅವಕ್ಕೆ ಈ ತಲೆನೋವು ಇಲ್ಲ, ಅವಕ್ಕೆ ಸ್ಕೋಪೂ ಬೇಕಿಲ್ಲ.

ಮತ್ತೆ ನಮ್ಮ 1895ಕ್ಕೆ. ತಲೆ ಮೇಲೆ ಆಗಲ್ಲ ಅಂದ ಮೇಲೆ ಉಳಿದ ದಾರಿಗಳು ಯಾವು?

ಒಂದು, ಎಡ ಪಕ್ಕಕ್ಕೆ ಕೂರಿಸೋದು. ಬಾಗಿಲು ತೆರೆದೇ ಇರುತ್ತೆ. ಆದರೆ ಈಗ ಸ್ಕೋಪು ನಳಿಗೆಯ ನೇರಕ್ಕಿಲ್ಲ, ನಾಲ್ಕು ಸೆಂಟಿಮೀಟರ್ ಎಡಕ್ಕಿದೆ ಅಂದುಕೊಳ್ಳಿ. 50 ಮೀಟರಿಗೆ ಎರಡೂ ಗೆರೆ ಕೂಡೋ ಹಾಗೆ ಹೊಂದಿಸಿದರೆ, 25 ಮೀಟರಿನಲ್ಲಿ ಗುಂಡು ಎರಡು ಸೆಂಟಿಮೀಟರ್ ಬಲಕ್ಕೆ, 100 ಮೀಟರಿನಲ್ಲಿ ನಾಲ್ಕು ಸೆಂಟಿಮೀಟರ್ ಎಡಕ್ಕೆ ಬೀಳುತ್ತೆ. ಎರಡು ಗೆರೆ ಕತ್ತರಿ ಹಾಗೆ ಒಂದನ್ನೊಂದು ದಾಟಿ ಹೋಗ್ತವೆ, ಅಷ್ಟೇ ಗಣಿತ. ಅದನ್ನಾದರೂ ಸಹಿಸಬಹುದು. ಸಹಿಸೋಕೆ ಆಗದಿದ್ದು ಏನಂದ್ರೆ, ಅದಕ್ಕೆ ರೈಫಲ್ಲಿನ ಒಡಲಿಗೆ ತೂತು ಕೊರೆದು ಮರೆ ಹಾಕಬೇಕು. ನೂರು ವರ್ಷ ಹತ್ತಿರದ ಉಕ್ಕು.

ಎರಡು, ಮುಂದಕ್ಕೆ, ನಳಿಗೆ ಮೇಲೆ ಕೂರಿಸೋದು. ಇದಕ್ಕೆ ಕಣ್ಣಿಂದ ಒಂಬತ್ತು ಹತ್ತು ಇಂಚು ದೂರ ಇಟ್ಟರೂ ಕಾಣೋ ವಿಶೇಷ ಸ್ಕೋಪುಗಳಿವೆ. ಬಾಗಿಲು ಖಾಲಿ, ಹುಬ್ಬೂ ಕ್ಷೇಮ. ನಳಿಗೆ ಮೇಲೆ ಹಿಂದಿನ ಸೀಳು ಕೂತಿರೋ ಅಡ್ಡಗಾಡಿ ಇರುತ್ತಲ್ಲ, ಆ ಸೀಳನ್ನು ತಟ್ಟಿ ತೆಗೆದು ಅದೇ ಗಾಡಿಯಲ್ಲಿ ಅಡಾಪ್ಟರ್ ತೂರಿಸಬಹುದು, ಕೊರೆಯೋದೇ ಬೇಡ. ಆದರೆ ನೋಟದ ಹರಹು ಚಿಕ್ಕದು, ಬೆಳಗ್ಗೆ ಸಂಜೆ ಸೂರ್ಯ ಬೆನ್ನಿಗಿದ್ದರೆ ಗಾಜಿನ ಮೇಲೆ ಬೆಳಕು ಹೊಡೆದು ಏನೂ ಕಾಣಲ್ಲ.

ಮೂರು, ಅದೇ ಗಾಡಿಯಲ್ಲಿ ಪುಟ್ಟ ರೆಡ್ ಡಾಟ್. ಬೆಂಕಿಪೊಟ್ಟಣದಷ್ಟು ಗಾತ್ರ, ಗಾಜಿನಲ್ಲಿ ಒಂದು ಕೆಂಪು ಚುಕ್ಕೆ. ಹಿಗ್ಗಿಸಿ ತೋರಿಸಲ್ಲ, ಆದರೆ ಚುಕ್ಕೆ ದೂರದಲ್ಲೇ ಇರೋ ಹಾಗೆ ಕಾಣುತ್ತೆ, ಕಣ್ಣಿನ ಅಂತರದ ಗೋಳಿಲ್ಲ. ನಿಜ ಹೇಳಬೇಕೆಂದರೆ ವಯಸ್ಸಾದ ಕಣ್ಣಿಗೆ, ಮೇಲೆ ತೆರೆಯೋ ರೈಫಲ್ಲಿಗೆ, ಇದೇ ಅತ್ಯುತ್ತಮ ಅಂತ ನನ್ನ ಅಭಿಪ್ರಾಯ ಆಗಿತ್ತು. ಕಾರ್ಟ್‌ನಲ್ಲಿ ಹಾಕಿಯೂ ಆಗಿತ್ತು. ಅಪ್ಪನಿಗೆ ಫೋಟೋ ಕಳಿಸಿದೆ. "ಇದೇನೋ, ಎತ್ತಿಗೆ ಮೊಬೈಲ್ ಕಟ್ಟಿದ ಹಾಗಿದೆ" ಅಂದರು.

ಈ ಹಂತದಲ್ಲಿ ನಾನು ಒಂದು ಶನಿವಾರ ಅಬಿಡ್ಸ್ ಕಡೆಯ ಒಂದು ಬಂದೂಕಿನ ಅಂಗಡಿಗೆ ಹೋದೆ, ಫೋಟೋ, ಅಳತೆ ಎಲ್ಲಾ ಹಿಡಿದು. ಅಲ್ಲಿ ಹಿಂದೆ ಒಂದು ಸಣ್ಣ ಕೋಣೆಯಲ್ಲಿ ರಿಪೇರಿ ಮಾಡೋ ಉಸ್ತಾದ್ ಇದ್ದರು. ಫೋನನ್ನು ಮೂಗಿನ ಹತ್ತಿರ ಹಿಡಿದು ಫೋಟೋಗಳನ್ನು ದೊಡ್ಡದು ಮಾಡಿ ಮಾಡಿ ನೋಡಿದರು. ಪಕ್ಕಕ್ಕೆ ಕೂರಿಸೋ ಚಿತ್ರ ತೋರಿಸಿದಾಗ ಫೋನ್ ವಾಪಸ್ ಕೊಟ್ಟು, "ಛೇದ್ ನಕ್ಕೋ ಕರೋ ಮಿಯಾಂ" ಅಂದರು. ತೂತು ಕೊರೀಬೇಡಪ್ಪ ಅಂತ. ಆಮೇಲೆ ಅವರು ಕೇಳಿದ ಪ್ರಶ್ನೆ ನಾನು ಮೂರು ತಿಂಗಳಲ್ಲಿ ಒಮ್ಮೆಯೂ ಕೇಳಿಕೊಂಡಿರಲಿಲ್ಲ: "ತೋಟೆ ಎಷ್ಟಿವೆ?"

ಏಳು. ನಮ್ಮಲ್ಲಿ ಇರೋದು ಏಳು ತೋಟೆ. ನಮ್ಮ ಸರ್ಕಾರಿ ಕಾರ್ಖಾನೆಗಳ .315, .30-06 ಅಂಗಡಿಯಲ್ಲಿ ಸಿಗಬಹುದು. .405 ಅಂಗಡಿಗೆ ಹೋಗಿ ಕೇಳಿದರೆ ಸಿಗೋ ಮಾಲಲ್ಲ. ಅಜ್ಜನ ಕಾಲದ ಡಬ್ಬಿಯಲ್ಲಿ ಉಳಿದದ್ದು ಅಷ್ಟೇ.

ಈಗ ಲೆಕ್ಕ ಹಾಕಿ. ಸ್ಕೋಪು ಕೂರಿಸಿದ ಕೂಡಲೇ ಗುರಿ ಸರಿ ಇರಲ್ಲ. ಹೊಂದಿಸಬೇಕು, ಅದಕ್ಕೆ ಜೀರೋ ಮಾಡೋದು ಅಂತಾರೆ. 25 ಮೀಟರಿಂದ ಮೂರು ಗುಂಡು ಹೊಡೆದು, ಅವುಗಳ ನಡುಬಿಂದು ನೋಡಿ, ಸ್ಕೋಪಿನ ಗುಂಡಿ ತಿರುಗಿಸಬೇಕು. ಒಂದು ಕ್ಲಿಕ್ಕಿಗೆ 100 ಮೀಟರಿನಲ್ಲಿ ಸುಮಾರು ಏಳು ಮಿಲಿಮೀಟರ್ ಸರಿಯುತ್ತೆ, 25ರಲ್ಲಿ ಎರಡು ಮಿಲಿಮೀಟರಿಗೂ ಕಡಿಮೆ. ಮತ್ತೆ ಮೂರು. ಆಮೇಲೆ ದೂರಕ್ಕೆ ಹೋಗಿ ಮತ್ತೆ ಮೂರು. ಎಲ್ಲಾ ಸರಿಯಾಗಿ ನಡೆದರೂ ಹತ್ತು ಹನ್ನೆರಡು ತೋಟೆ ಬೇಕು. ಬೇರೆ ರೈಫಲ್ಲಾದರೆ ಬೋಲ್ಟ್ ತೆಗೆದು ನಳಿಗೆಯ ಹಿಂದಿನಿಂದ ಕಣ್ಣಿಟ್ಟು ಅರ್ಧ ಹೊಂದಿಸಬಹುದು. ಇದರಲ್ಲಿ ಬೋಲ್ಟ್ ಸುಲಭಕ್ಕೆ ಬರಲ್ಲ, ಕನ್ನಡಿ ಚೂರು ಹಿಡಿದು ಸರ್ಕಸ್ ಮಾಡಬೇಕು, ಇಲ್ಲ ನಳಿಗೆ ಬಾಯಿಗೆ ಲೇಸರ್ ತೂರಿಸಬೇಕು. ಅದೂ ಕೊನೆಯ ಪರೀಕ್ಷೆ ಅಲ್ಲ. ಇರೋ ಏಳು ತೋಟೆಯನ್ನು ಟೆಸ್ಟಿಂಗಿಗೇ ಸುಟ್ಟು, ಪ್ರೊಡಕ್ಷನ್ನಿಗೆ ಹೋಗೋ ದಿನ ಖಾಲಿ ಕೈ. ನಾನು ಆಫೀಸಲ್ಲಿ ಇಂಥ ಪ್ಲಾನ್ ಕೊಟ್ಟಿದ್ದರೆ ಮ್ಯಾನೇಜರ್ ಏನಂತಿದ್ದರೋ.

ಉಸ್ತಾದ್ ಇನ್ನೊಂದು ಹೇಳಿದರು. ಅಷ್ಟು ಹಳೇ ತೋಟೆ ಸಿಡಿಯದೇ ಹೋಗಬಹುದು, ಅಥವಾ ತಡವಾಗಿ ಸಿಡೀಬಹುದು. ಟ್ರಿಗರ್ ಎಳೆದಾಗ ಟಿಕ್ ಅಂದು ಸುಮ್ಮನಾದರೆ ಕೂಡಲೇ ಲಿವರ್ ಇಳಿಸಬಾರದು. ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷಕ್ಕೂ ಹೆಚ್ಚು ಕಾಯಬೇಕು. ಬಾಗಿಲು ತೆರೆದಾಗ ಸಿಡಿದರೆ, ಈ ರೈಫಲ್ಲಿನ ಬಾಗಿಲು ಎಲ್ಲಿದೆ ಅಂತ ನಿಮಗೀಗ ಗೊತ್ತು. ಮುಖದ ಮುಂದೆ.

ಹೊರಡುವಾಗ ಅವರು ಕೇಳಿದರು, "ಕಂಪನಿಯ ಹಳೇ ತೂತಿನ ಸೈಟ್ ಬಂದಿತ್ತಲ್ಲ, ಅದಿಲ್ವಾ?" ಒಡಲಿನ ಎಡಪಕ್ಕದ ಫೋಟೋದಲ್ಲಿ ಎರಡು ಪುಟ್ಟ ಸ್ಕ್ರೂ ತಲೆ ತೋರಿಸಿದರು. ಏನನ್ನೂ ಹಿಡಿದಿಲ್ಲದ ಸ್ಕ್ರೂ, ಸುಮ್ಮನೆ ತೂತು ಮುಚ್ಚೋಕೆ ಇರೋದು. ಅಂದರೆ ಅಲ್ಲಿ ಯಾವತ್ತೋ ಏನೋ ಕೂತಿತ್ತು.

ಆ ರಾತ್ರಿ ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ಕೋವಿಯ ಪೆಟ್ಟಿಗೆ ತೆಗೆಸಿದೆ. ಕ್ಲೀನ್ ಮಾಡೋ ಕಡ್ಡಿ, ಎಣ್ಣೆ ಡಬ್ಬಿ, ಹಳೇ ಬಟ್ಟೆ, ಎಲ್ಲದರ ಅಡಿಯಲ್ಲಿ ಒಂದು ಕಬ್ಬಿಣದ ತೋಳು. ಕಿವಿಯಷ್ಟು ಗಾತ್ರ, ತುದಿಯಲ್ಲಿ ಬಟನ್ ಹಾಗೆ ಒಂದು ಬಿಲ್ಲೆ, ಬಿಲ್ಲೆ ನಡುವೆ ತೂತು. "ಇದಾ? ಇದಕ್ಕೆ ಪ್ರತಿವರ್ಷ ನಿಮ್ಮಮ್ಮ ಕುಂಕುಮ ಇಡ್ತಾಳೆ. ಯಾವುದೋ ಬಿಡಿಭಾಗ ಅಂದ್ಕೊಂಡಿದ್ದೆ" ಅಂದರು. ಲೈಮನ್ ಅಂತ ಕೆತ್ತಿತ್ತು. ಅಮೆರಿಕದ ಲೈಮನ್ ಕಂಪನಿ ಈ ರೈಫಲ್ಲಿನ ಪಕ್ಕಕ್ಕೆಂದೇ ಮಾಡುತ್ತಿದ್ದ ಪೀಪ್ ಸೈಟು. ತೂತಿನ ಮರೆ ತುಂಬಾ ನಲವತ್ತು ವರ್ಷದ ಕುಂಕುಮ.

ಪೀಪ್ ಸೈಟಿನಲ್ಲಿ ಗಾಜಿಲ್ಲ, ಆದರೂ ಅದು ಕೆಲಸ ಮಾಡೋದು ಬೆಳಕಿನ ಶಾಸ್ತ್ರದಿಂದಲೇ. ಸಾಮಾನ್ಯ ರೈಫಲ್ಲಿನಲ್ಲಿ ಕಣ್ಣು ಮೂರು ವಸ್ತುವನ್ನು ಒಟ್ಟಿಗೆ ನೋಡಬೇಕು: ಹತ್ತಿರದ ಸೀಳು, ಕೈಯಳತೆಯ ಮಣಿ, ದೂರದ ಗುರಿ. ಯಾವ ಕಣ್ಣೂ ಮೂರಕ್ಕೂ ಒಟ್ಟಿಗೆ ಫೋಕಸ್ ಮಾಡಲ್ಲ. ಚಿಕ್ಕ ವಯಸ್ಸಿನಲ್ಲಿ ಕಣ್ಣಿನ ಮಸೂರ ಬೇಗ ಬೇಗ ಬದಲಾಗುತ್ತೆ, ಮೋಸ ಗೊತ್ತಾಗಲ್ಲ. ನಲವತ್ತೈದು ದಾಟಿದ ಮೇಲೆ ಗೊತ್ತಾಗುತ್ತೆ. ಕ್ಯಾಮೆರಾದಲ್ಲಿ ಬಾಯಿ ಕಿರಿದು ಮಾಡಿದರೆ ಹತ್ತಿರದ್ದೂ ದೂರದ್ದೂ ಸ್ಪಷ್ಟ ಬರುತ್ತಲ್ಲ, ಪೀಪ್ ಸೈಟು ಕಣ್ಣಿಗೆ ಅದನ್ನೇ ಮಾಡುತ್ತೆ. ತೂತನ್ನು ನೋಡೋದೇ ಬೇಡ, ತೂತಿನ ಮೂಲಕ ನೋಡಿದರೆ ಕಣ್ಣು ತಾನಾಗೇ ನಡುವಿಗೆ ಬರುತ್ತೆ.

ಇನ್ನೊಂದು ಲಾಭ ಅಂತರದ್ದು. ಹಿಂದಿನ ಸೀಳಿಗೂ ಮಣಿಗೂ ನಡುವೆ ಅರ್ಧ ಮೀಟರ್ ಇದ್ದರೆ, ಅಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ 50 ಮೀಟರಿನಲ್ಲಿ ಹತ್ತು ಸೆಂಟಿಮೀಟರ್ ತಪ್ಪುತ್ತೆ. ಪೀಪ್ ಸೈಟು ಇನ್ನೂ ಹಿಂದೆ, ಕಣ್ಣಿನ ಹತ್ತಿರ ಕೂರುತ್ತೆ. ಅಂತರ 70 ಸೆಂಟಿಮೀಟರ್ ಆದರೆ ಅದೇ ತಪ್ಪು ಏಳು ಸೆಂಟಿಮೀಟರಿಗೆ ಇಳಿಯುತ್ತೆ. ಒಲಿಂಪಿಕ್ಸ್‌ನ ರೈಫಲ್ ಸ್ಪರ್ಧೆಗಳಲ್ಲಿ ದುರ್ಬೀನಿಗೆ ಅವಕಾಶ ಇಲ್ಲ. 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ, 2012ರಲ್ಲಿ ನಮ್ಮ ಹೈದರಾಬಾದಿನ ಗಗನ್ ನಾರಂಗ್ ಕಂಚು ಗೆದ್ದಿದ್ದು ಇಂಥ ತೂತಿನ ಮೂಲಕ ನೋಡಿಯೇ. ಆಂಡರ್ಸನ್ ಕತೆಗಳಲ್ಲೂ ನನಗೆ ನೆನಪಿರೋದು ರೈಫಲ್ಲಿಗೆ ಕಟ್ಟಿದ ಟಾರ್ಚು. ಮಚಾನ್ ಮೇಲೆ ಕತ್ತಲಲ್ಲಿ ಕೂತು, ಸಪ್ಪಳ ಬಂದಾಗ ಟಾರ್ಚ್ ಒತ್ತಿ, ಕೆಲವೇ ಗಜ ದೂರದ ಹುಲಿಗೆ ಹೊಡೆಯೋರಿಗೆ ಬೇಕಿದ್ದದ್ದು ಬೆಳಕು, ದೊಡ್ಡದು ಮಾಡಿ ತೋರಿಸೋ ಗಾಜಲ್ಲ.

ರಿಪೇರಿ ಅಂದರೂ ಬದಲಾವಣೆ ಅಂದರೂ ಕೋವಿ ಕೆಲಸವನ್ನು ಲೈಸೆನ್ಸ್ ಇರೋರೇ ಮಾಡಬೇಕು, ಕಾಯ್ದೆ ಹಾಗಿದೆ. ಎರಡು ಸ್ಕ್ರೂ ಬಿಚ್ಚಿ ಹಾಕೋದಾದರೂ ಅಪ್ಪ ಕೋವಿಯನ್ನು ಶಿವಮೊಗ್ಗದ ಅಧಿಕೃತ ಡೀಲರ್ ಹತ್ತಿರ ಒಯ್ದರು. ಕುಂಕುಮ ಸೀಮೆಎಣ್ಣೆಯಲ್ಲಿ ನೆನೆಸಿ ತೆಗೆದರಂತೆ. ಸೈಟು ಅಳತೆ ಮಾಡಿಸಿದ ಹಾಗೆ ಕೂತಿತು.

ನಾನು ಆಗ ಊರಿಗೆ ಹೋಗಿದ್ದೆ. ಯುಗಾದಿ ರಜೆ. ಸಂಜೆ, ಜಗುಲಿ ಮೇಲೆ, ಖಾಲಿ ಕೋವಿ. ನಾನು ಮೊದಲು ಹಿಡಿದು ತೋಟದ ಕಡೆ ನೋಡಿದೆ. ಮಣಿ, ಅದರಾಚೆ ಅಡಿಕೆ ಗೊನೆ, ಎರಡೂ ಕೊರೆದಿಟ್ಟ ಹಾಗೆ ಸ್ಪಷ್ಟ. ಅಪ್ಪನಿಗೆ ಕೊಟ್ಟೆ. ಅವರು ಬಹಳ ಹೊತ್ತು ನೋಡಿದರು. ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು. ಆಮೇಲೆ ಕೋವಿ ಇಳಿಸಿ, "ಮಂಜು ಮಂಜು ಕಣೋ. ಮೊದಲಿನ ಹಾಗೇ ಇದೆ" ಅಂದರು.

ನನಗೆ ಸಿಟ್ಟು ಬಂತು. ಯಾರ ಮೇಲೆ ಗೊತ್ತಿಲ್ಲ. ಮೂರು ತಿಂಗಳ ಕೆಲಸ. ಮಾರನೇ ದಿನ ನನ್ನ ಹೈಸ್ಕೂಲ್ ಗೆಳೆಯನಿಗೆ ಫೋನಿನಲ್ಲಿ ಇದನ್ನೆಲ್ಲಾ ಹೇಳ್ತಿದ್ದೆ, ಅವನು ಕಣ್ಣಿನ ಡಾಕ್ಟರು. ಅರ್ಧದಲ್ಲೇ ತಡೆದ. "ನಿಲ್ಲು. ನೀನು ಅವರಿಗೆ ಮಾಡಿರೋದು ಪಿನ್‌ಹೋಲ್ ಟೆಸ್ಟ್" ಅಂದ. ಕಣ್ಣಿನ ಆಸ್ಪತ್ರೆಯಲ್ಲಿ ಕರೀ ಪ್ಲಾಸ್ಟಿಕ್ಕಿನಲ್ಲಿ ತೂತು ಇಟ್ಟು ಅಕ್ಷರ ಓದಿಸ್ತಾರಲ್ಲ, ಅದೇ. ತೂತಿನ ಮೂಲಕ ಚೆನ್ನಾಗಿ ಕಂಡರೆ ತೊಂದರೆ ಕನ್ನಡಕದ ಪವರಿನದು. ತೂತಿನಲ್ಲೂ ಮಂಜಾಗಿದ್ದರೆ ಕನ್ನಡಕದ ಮಾತಲ್ಲ, ಕಣ್ಣಿನ ಒಳಗೆ ಏನೋ ಇದೆ. "ಸಂಜೆ ಎದುರಿಂದ ಗಾಡಿ ಬಂದರೆ ಲೈಟು ಚೆದುರುತ್ತಾ ಕೇಳು" ಅಂದ. ಕೇಳಿದೆ. ಅಪ್ಪ ಹೇಳಲಿಲ್ಲ, ಅಮ್ಮ ಹೇಳಿದರು: ಆರು ತಿಂಗಳಿಂದ ಸಂಜೆ ಮೇಲೆ ಸ್ಕೂಟರ್ ತೆಗೀತಿಲ್ಲ.

ಎರಡೂ ಕಣ್ಣಿಗೆ ಪೊರೆ. ಬಲಗಣ್ಣಿನದು ಚೆನ್ನಾಗಿ ಬಲಿತಿತ್ತು. ಮಣಿ ಕಾಣ್ತಿಲ್ಲ ಅಂತ ಅವರು ಫೋನ್ ಮಾಡಿದ್ದು ಜನವರಿಯಲ್ಲಿ. ನಾನು ಅವರನ್ನು ಡಾಕ್ಟರ ಹತ್ತಿರ ಕರೆದೊಯ್ದಿದ್ದು ಏಪ್ರಿಲ್‌ನಲ್ಲಿ. ಮಧ್ಯದ ಮೂರು ತಿಂಗಳು ನಾನು ಕೋವಿಯನ್ನು ರಿಪೇರಿ ಮಾಡ್ತಿದ್ದೆ. ಅವರಿಗೆ ಕಣ್ಣು ಹೋಗ್ತಿದೆ ಅಂತ ಹೇಳೋಕೆ ಬರ್ತಿರಲಿಲ್ಲ, ಕೋವಿ ಮಣಿ ಕಾಣ್ತಿಲ್ಲ ಅಂತ ಹೇಳೋಕೆ ಬರ್ತಿತ್ತು. ವಾರಕ್ಕೆ ಎರಡು ಸಲ ವಿಡಿಯೋದಲ್ಲಿ ನೋಡ್ತಿದ್ದೆ. ಸ್ಕೇಲಿನ ಗೆರೆ ಓದುವಾಗ ಪ್ರತಿಸಲ ಅಮ್ಮನನ್ನು ಕರೀತಿದ್ರು, ನಾನು ನೆಟ್‌ವರ್ಕ್ ಸರಿ ಇಲ್ಲ ಅಂದುಕೊಂಡಿದ್ದೆ.

ಆಪರೇಷನ್ ಆಯ್ತು, ಮೇ ತಿಂಗಳಲ್ಲಿ ಬಲಗಣ್ಣು, ಆಮೇಲೆ ಎಡಗಣ್ಣು. ಈಗ ಪೀಪ್ ಸೈಟಿನಲ್ಲಿ ಮಣಿ ಕಾಣುತ್ತೆ. ತೋಟೆ ಮಾತ್ರ ಹೊಡೆಯಲಿಲ್ಲ. ಉಸ್ತಾದ್ ಹೇಳಿದ್ದನ್ನು ಹೇಳಿದೆ, ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಬಿಡು" ಅಂದರು.

ಕೊನೆಗೆ ಕೆಲವರು ಮೊದಲೇ ಕಳಿಸಿದ ಪ್ರಶ್ನೆಗಳು. ಊರಲ್ಲಿ ಅಪ್ಪನ ಹೆಸರಲ್ಲಿ ಕೋವಿ ಇದೆ, ನಾವು ಹೈದರಾಬಾದಿನಲ್ಲಿದ್ದೀವಿ, ಮುಂದೇನು ಅಂತ ಮೂರು ಜನ ಕೇಳಿದ್ದೀರಿ. 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸ್‌ದಾರರು ತೀರಿಕೊಳ್ಳೋವರೆಗೆ ಕಾಯಬೇಕಿಲ್ಲ. ಅವರಿಗೆ 70 ವರ್ಷ ತುಂಬಿದ್ದರೆ, ಅಥವಾ ಕೋವಿ ಅವರ ಹತ್ತಿರ 25 ವರ್ಷ ಇದ್ದರೆ, ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಬಹುದು. ಪೊಲೀಸ್ ಪರಿಶೀಲನೆ, ವೈದ್ಯರ ಸರ್ಟಿಫಿಕೇಟು, ಬಂದೂಕು ಸುರಕ್ಷತೆಯ ತರಬೇತಿ ಇವೆಲ್ಲಾ ಬೇಕು. 2019ರ ತಿದ್ದುಪಡಿ ನಂತರ ಒಬ್ಬರ ಹತ್ತಿರ ಎರಡಕ್ಕಿಂತ ಹೆಚ್ಚು ಇರೋ ಹಾಗಿಲ್ಲ, ಮೊದಲು ಮೂರಿತ್ತು. ಲೈಸೆನ್ಸ್ ಅವಧಿ ಈಗ ಐದು ವರ್ಷ. ಲೈಸೆನ್ಸ್‌ದಾರರು ಹಠಾತ್ತಾಗಿ ಹೋದರೆ, ತಿಥಿ ಮುಗೀಲಿ ಅಂತ ಕೋವಿಯನ್ನು ಅಟ್ಟದ ಮೇಲೆ ಇಡಬೇಡಿ. ತಡಮಾಡದೇ ಪೊಲೀಸ್ ಸ್ಟೇಷನ್ನಿಗೋ ಅಧಿಕೃತ ಡೀಲರ್ ಹತ್ತಿರಾನೋ ಜಮಾ ಮಾಡಿ ರಸೀತಿ ತಗೊಳ್ಳಿ. ಕೊಡಗಿನವರಿಗೆ ವಿನಾಯಿತಿ ಬೇರೆ, ಅದನ್ನು 2029ರವರೆಗೆ ಮುಂದುವರಿಸಿದ್ದಾರೆ, ಆದರೆ ಅದರ ಕಾಗದಪತ್ರವನ್ನೂ ಸರಿಯಾಗಿಟ್ಟುಕೊಳ್ಳಿ.

ಇನ್ನೊಬ್ಬರು ಕೇಳಿದ್ದಾರೆ, "ನೀವು ನಿಮ್ಮ ಹೆಸರಿಗೆ ಮಾಡಿಸ್ತೀರಾ?" ಅರ್ಜಿ ಡೌನ್‌ಲೋಡ್ ಮಾಡಿದ್ದೀನಿ. ವಿಳಾಸದ ಜಾಗದಲ್ಲಿ ದಿಲ್‌ಸುಖ್‌ನಗರ ಬರೀಬೇಕು. ಬರೆದರೆ ಕೋವಿ ಇಲ್ಲಿಗೆ ಬರುತ್ತೆ, ಮೂರನೇ ಮಹಡಿಯ ಎರಡು ಬೆಡ್‌ರೂಮಿನ ಬಾಡಿಗೆ ಮನೆಗೆ, ನಾಲ್ಕು ವರ್ಷದ ಮಗಳಿರೋ ಕಡೆಗೆ. ಹೆಂಡತಿ ಒಂದೇ ಪ್ರಶ್ನೆ ಕೇಳಿದಳು, "ಎಲ್ಲಿಡ್ತೀರಿ?" ಅದಕ್ಕೆ ಇನ್ನೂ ಉತ್ತರ ಸಿಕ್ಕಿಲ್ಲ. ಅಪ್ಪ ಈ ಸಲ ಆಯುಧಪೂಜೆಗೆ ಬಾ, ಕೂತು ಮಾತಾಡೋಣ ಅಂದಿದ್ದಾರೆ. ಟಿಕೆಟ್ ಆಗಿದೆ. ಪೀಪ್ ಸೈಟಿಗೆ ಈ ಸಲ ಕುಂಕುಮ ಬೇಡ, ಹೂವು ಸಾಕು ಅಂತ ಅಮ್ಮನಿಗೆ ಹೇಳಿದ್ದೀನಿ.